ಹಗೇವಿಗೆ ಒಂದು ದಿನ ಸೂಟಿ

ಎಲ್ಲ ಶುರುವಾದದ್ದು ತುಳಸಿ ಎಲೆಯಿಂದ ಚಿಮುಕಿಸಿದ ನಾಲ್ಕು ಹನಿ ನೀರಿನಿಂದ. ನಾಲ್ಕೇ ಹನಿ. ಪದ್ಮಾಬಾಯಿಯವರು ಇಂದಿಗೂ ಅದಕ್ಕಿಂತ ಒಂದು ಹನಿ ಹೆಚ್ಚು ಒಪ್ಪುವುದಿಲ್ಲ.

ಮಹಾನವಮಿಯ ಬೆಳಿಗ್ಗೆ ಏಳೂವರೆಗೆ ಕೌಸ್ತುಭ ಹಲ್ಲುಜ್ಜುತ್ತ ರಾಣೆಬೆನ್ನೂರಿನ ತನ್ನ ಮನೆಯ ಪಡಸಾಲೆಗೆ ಬಂದ. ಅವನ ತಾಯಿ ಪದ್ಮಾಬಾಯಿ ನಸುಕಿನಲ್ಲೇ ಎದ್ದು ಖಂಡೆ ಪೂಜೆ, ಅಂದರೆ ಆಯುಧಪೂಜೆ, ಮುಗಿಸಿಬಿಟ್ಟಿದ್ದರು. ನೆಲದ ಮೇಲೆ ಕೆಂಪು ವಸ್ತ್ರ, ಅದರ ಮೇಲೆ ಸಾಲಾಗಿ ಈಳಿಗೆ, ಮಿಕ್ಸರು, ಇಸ್ತ್ರಿಪೆಟ್ಟಿಗೆ, ಸುತ್ತಿಗೆ, ಸ್ಕ್ರೂಡ್ರೈವರಿನ ಡಬ್ಬಿ, ಹೆಂಡತಿ ಮೃಣಾಲಿನಿಯ ಹೊಲಿಗೆ ಯಂತ್ರ. ಎಲ್ಲಕ್ಕೂ ಅರಿಷಿಣ, ಕುಂಕುಮ, ಚೆಂಡು ಹೂವು. ಸಾಲಿನ ಕೊನೆಯಲ್ಲಿ, ಹಿಂಭಾಗಕ್ಕೆ ಹಸಿರು ಖಣ ಉಟ್ಟುಕೊಂಡು, ಮದುವಣಗಿತ್ತಿಯಂತೆ ಕೂತಿತ್ತು ಅವನ ಹಗೇವು. ಕೌಸ್ತುಭನ ಬಾಯಿಯಿಂದ ಬ್ರಶ್ಶು ಕೆಳಗೆ ಬಿತ್ತು.

ಹಗೇವು ಅಂದರೆ ನಮ್ಮ ಕಡೆ ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕುಣಿ. ಕೌಸ್ತುಭನ ಹಗೇವಿನಲ್ಲಿ ಜೋಳವಿಲ್ಲ. ಅವನು ಊರಿನ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವವನು. ಕಾಲೇಜಿನವರು ಹೊರಗೆ ಹಾಕಿದ ಹಳೇ ಕಂಪ್ಯೂಟರೊಂದನ್ನು ಮನೆಗೆ ತಂದು, ಅದಕ್ಕೆ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ದೊಡ್ಡ ಹಾರ್ಡ್ ಡಿಸ್ಕ್ ಕೂರಿಸಿ, ಬಂಧುಬಳಗದ ಫೋಟೋ, ಕಾಗದ, ಪತ್ರ ಎಲ್ಲವೂ ಇಂಟರ್‌ನೆಟ್ಟಿನಲ್ಲಿ ಬಂದು ಅದರೊಳಗೆ ಬೀಳುವಂತೆ ಮಾಡಿದ್ದ. ಅದಕ್ಕೆ ಪರದೆ ಇರಲಿಲ್ಲ, ಕೀಲಿಮಣೆ ಇರಲಿಲ್ಲ. ಒಳಗೇನಿದೆ ಎಂದು ನೋಡಬೇಕಾದರೆ ಫೋನಿನಿಂದಲೇ ನೋಡಬೇಕು. ಎರಡು ವರ್ಷದಿಂದ ಹಗಲೂ ರಾತ್ರಿ ಗುಂಯ್ ಎನ್ನುತ್ತ ಪಡಸಾಲೆಯ ಮೂಲೆಯಲ್ಲಿ ಬದುಕಿತ್ತು.

“ಮಂದಿ ತಮ್ಮದೆಲ್ಲಾ ಯಾವುದೋ ಕಂಪನಿಯ ಮೋಡದಾಗ ಇಡ್ತಾರ. ಮೋಡ ಇವತ್ತ ಇಲ್ಲಿ, ನಾಳೆ ಎಲ್ಲೋ. ನಂದು ಹಗೇವು. ನಮ್ಮ ಮನ್ಯಾಗ, ನಮ್ಮ ಕಣ್ಮುಂದ” ಎಂದು ಬಂದವರಿಗೆಲ್ಲ ಚಹಾದ ಜೊತೆ ಈ ಭಾಷಣವನ್ನೂ ಕೊಡುತ್ತಿದ್ದ.

“ಅವ್ವಾ! ಇದರ ಮ್ಯಾಲೆ ನೀರು ಹಾಕೀಯೇನು?”

“ಪ್ರೋಕ್ಷಣ ಮಾಡೀನಿ. ನಾಕ ಹನಿ. ಅಭಿಷೇಕ ಏನ ಮಾಡಿಲ್ಲ.”

“ಕರೆಂಟಿನ ಸಾಮಾನಕ್ಕ ನೀರು ಹಾಕ್ತಾರೇನು ಯಾರರೆ!”

“ಮಿಕ್ಸರಿಗೂ ಹಾಕೀನಿ. ಅದೇನ ನಿನ್ನಂಗ ಚೀರಲಿಲ್ಲ. ಎರಡು ವರ್ಷ ಆತು, ಹಗಲು-ರಾತ್ರಿ ದುಡೀತದ ಪಾಪ. ಒಂದು ದಿನ ಸೂಟಿ ಬ್ಯಾಡೇನು ಅದಕ್ಕ? ನಾ ಏನ ಮಾಡೀನಿ ಅಂದ್ರ, ಹಿಂದಿಂದು...”

“ನೀ ಏನೂ ಹೇಳಬ್ಯಾಡ!”

ಕೌಸ್ತುಭ ಕರೆಂಟಿನ ವಾಯರನ್ನು ಖಣದ ಕೆಳಗೆ ತೂರಿಸಿ ಚುಚ್ಚಿ, ಮುಂದಿನ ಗುಂಡಿ ಒತ್ತಿದ. ಗುಂಯ್ ಎನ್ನಲಿಲ್ಲ. ದೀಪ ಹತ್ತಲಿಲ್ಲ. ಇನ್ನೊಮ್ಮೆ ಒತ್ತಿದ. ಗೋಡೆಯ ಪ್ಲಗ್ಗಿಗೆ ಫೋನಿನ ಚಾರ್ಜರ್ ಹಚ್ಚಿ ನೋಡಿದ, ಫೋನು ಚಾರ್ಜ್ ಆಗತೊಡಗಿತು. ತನ್ನ ಹಗೇವಿಗೆ ಮೂಗು ಹಚ್ಚಿ ನೋಡಿದ. ಸುಟ್ಟ ವಾಸನೆ ಬಂತು. ಅದು ಕರ್ಪೂರದ್ದೋ ಮಷೀನಿನದೋ ಎಂದು ವಿಚಾರಿಸುವಷ್ಟು ಸಮಾಧಾನ ಅವನಲ್ಲಿ ಉಳಿದಿರಲಿಲ್ಲ.

ಆಗಲೇ ಫೋನ್ ಬಂತು. ಬ್ಯಾಡಗಿಯಿಂದ ಮಾವ ಅಣ್ಣಾಜಿ.

“ಅಳಿಯಂದ್ರ, ನೆನಪದ ಅಲ್ಲ? ಇವತ್ತ ಸಂಜಿ ಐದರೊಳಗ ಪುಸ್ತಕ ಹಾವೇರಿ ಪ್ರೆಸ್ಸಿಗೆ ಮುಟ್ಟಬೇಕು. ನಾಳೆ ದಶಮಿ ಮುಂಜಾನೆ ಮುಸರತ ಮೇಡಂ ಅವರು ಮಷೀನ್ ಶುರು ಮಾಡೂದ ನನ್ನ ಪುಸ್ತಕದಿಂದ ಅಂತ!”

“ನೆನಪದ ಮಾವಾ. ಸುರಕ್ಷಿತ ಅದ” ಎಂದ ಕೌಸ್ತುಭ. ಧ್ವನಿ ಮಾತ್ರ ಹಿಟ್ಟಿನ ಗಿರಣಿಯಲ್ಲಿ ನಿಂತು ಮಾತಾಡುವವನ ಧ್ವನಿಯಂತೆ ಕೇಳಿತು.

ಅಣ್ಣಾಜಿ ಬ್ಯಾಡಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಆಮೇಲೆ ಮೂರು ವರ್ಷ ಕೂತು ಬ್ಯಾಡಗಿ ಮೆಣಸಿನಕಾಯಿಯ ಇತಿಹಾಸ ಬರೆದಿದ್ದರು. ‘ಕೆಂಪು ಚರಿತ್ರೆ’, ನಾಲ್ಕುನೂರಾ ಹನ್ನೆರಡು ಪುಟ. ಊರಿನ ಮೆಣಸಿನಕಾಯಿಯ ಹಾಗೆ ಪುಸ್ತಕದಲ್ಲೂ ಬಣ್ಣ ಹೆಚ್ಚು, ಖಾರ ಕಡಿಮೆ. ಆದರೆ ಮುದುಕರು ಅಷ್ಟನ್ನೂ ಫೋನಿನ ಮೇಲೆ ಒಂದೇ ಬೆರಳಿನಿಂದ ಹೊಡೆದಿದ್ದರು. ಅದನ್ನು ಒಂದು ಪೆನ್ ಡ್ರೈವಿನಲ್ಲಿ ಹಾಕಿ, ದೇವರ ಮಾಡದಲ್ಲಿ ಇಟ್ಟುಕೊಂಡಿದ್ದರು. ಹೋದ ಸಂಕ್ರಮಣಕ್ಕೆ ಬ್ಯಾಡಗಿಗೆ ಹೋದ ಕೌಸ್ತುಭನೇ, “ಪೆನ್ ಡ್ರೈವ್ ನಂಬಬ್ಯಾಡ್ರಿ ಮಾವಾ, ಯಾವಾಗ ಕೈ ಕೊಡ್ತಾವೋ ಹೇಳ್ಲಿಕ್ಕೆ ಬರಂಗಿಲ್ಲ. ನನ್ನ ಹಗೇವಿನ್ಯಾಗ ಇಡೋಣ. ನಿಮ್ಮ ಫೋನು, ನನ್ನ ಹಗೇವು ಕನ್ನಡಿ ಇದ್ದಂಗ. ನೀವು ಫೋನಿನ್ಯಾಗ ಒಂದು ಅಕ್ಷರ ತಿದ್ದಿದ್ರ ಅಲ್ಲೂ ತಾನ ತಿದ್ದತದ. ಯಾವ ಊರಾಗಿದ್ರೂ ಎರಡೂ ಒಂದನ್ನೊಂದು ಹುಡುಕ್ಕೋತಾವ” ಎಂದು ಹೇಳಿ ಆ ಪೆನ್ ಡ್ರೈವನ್ನು ಇಸಿದುಕೊಂಡು ಬಂದಿದ್ದ. ಬಂದವನು ಅದನ್ನು ಅಳಿಸಿ, ಕಾಲೇಜಿನ ಲ್ಯಾಬಿಗೆ ಲಿನಕ್ಸ್ ಹಾಕಲು ಬಳಸಿಕೊಂಡಿದ್ದ. ಇದನ್ನು ಮಾವನಿಗೆ ಹೇಳಿರಲಿಲ್ಲ.

ಈಗ ಪುಸ್ತಕ ಇರುವುದು ಎರಡೇ ಕಡೆ. ಒಂದು, ಸತ್ತಂತೆ ಕೂತ ಈ ಹಗೇವಿನಲ್ಲಿ. ಇನ್ನೊಂದು, ಮಾವನ ಫೋನಿನಲ್ಲಿ. ಮಾವನಿಗೆ ಫೋನ್ ಮಾಡಿ ‘ನೀವ ಕಳಸ್ರಿ, ನಂದು ಕೆಟ್ಟದ’ ಎನ್ನಬಹುದಿತ್ತು. ಆದರೆ ಸಂಕ್ರಮಣದ ದಿನ ಬೀಗರ ಇಪ್ಪತ್ತು ಮಂದಿಯ ಮುಂದೆ ಅಷ್ಟು ದೊಡ್ಡ ಭಾಷಣ ಬಿಗಿದವನಿಗೆ ಹಾಗೆನ್ನಲು ಮನಸ್ಸು ಬರಲಿಲ್ಲ.

ಒಳಗಿನಿಂದ ಮೃಣಾಲಿನಿ ಬಂದಳು. “ನಮ್ಮಪ್ಪನ ಪುಸ್ತಕ ಅದರಾಗ ಅದ ಅಲ್ರಿ?”

“ಅದ. ಸುರಕ್ಷಿತ ಅದ.”

“ಹಂಗಾರ ನಿಮ್ಮ ಮಾರಿ ಯಾಕ ಹಿಂಗ ಆಗೇದ?”

“ಪೇಸ್ಟ್ ನುಂಗೀನಿ” ಎಂದ ಕೌಸ್ತುಭ.

ಮಷೀನು ಬಿಚ್ಚಿ ನೋಡಬೇಕು. ಬಿಚ್ಚಲು ಸ್ಕ್ರೂಡ್ರೈವರ್ ಬೇಕು. ಅದು ಕೆಂಪು ವಸ್ತ್ರದ ಮೇಲೆ ಕುಂಕುಮ ಹಚ್ಚಿಕೊಂಡು ಮಲಗಿತ್ತು. ಅದರತ್ತ ಕೈ ಚಾಚಿದೊಡನೆ ಪದ್ಮಾಬಾಯಿ ಕೈಯ ಮೇಲೆ ಫಟ್ಟನೆ ಹೊಡೆದರು. ಪೂಜೆಗಿಟ್ಟ ಹತಾರ ನಾಳೆ ದಶಮಿಯವರೆಗೆ ಯಾರೂ ಮುಟ್ಟುವಂತಿಲ್ಲ. ಉಡಿಸಿದ ಖಣವನ್ನೂ ಬಿಚ್ಚುವಂತಿಲ್ಲ. ಸರಿ, ಪಕ್ಕದಲ್ಲೇ ಬುಡನಸಾಬರ ಗ್ಯಾರೇಜು ಇದೆ ಎಂದು ಕೌಸ್ತುಭ ಹೊರಗೆ ಓಡಿದ.

ಬುಡನಸಾಬರು ಗ್ಯಾರೇಜಿನ ಮುಂದೆ ಕುರ್ಚಿ ಹಾಕಿಕೊಂಡು ಚುರಮರಿ ತಿನ್ನುತ್ತಿದ್ದರು. ಅವರ ಹಿಂದೆ ಜಾಕು, ಪಾನಾ, ಸುತ್ತಿಗೆ ಎಲ್ಲವೂ ಹೂವು ಏರಿಸಿಕೊಂಡು ಸಾಲಾಗಿ ಕೂತಿದ್ದವು.

“ಸಾಹೇಬ್ರ, ಒಂದು ಸ್ಕ್ರೂಡ್ರೈವರ್ ಕೊಡ್ರಿ. ಎರಡ ನಿಮಿಷ.”

“ಇವತ್ತೇನ್ರಿ ಸರ್ರ! ಖಂಡೆ ಪೂಜಿ ಐತಿ. ಹತಾರ ಮಲಗ್ಯಾವ.”

“ನೀವೂ ಇದನ್ನ ಹಿಡೀತೀರೇನ್ರಿ?”

“ನಮ್ಮ ಅಜ್ಜಾರ ಕಾಲದಿಂದ ಹಿಡದೇವಿ. ಹೊಟ್ಟಿಗೆ ಹಾಕೂ ಹತಾರಕ್ಕ ಯಾವ ಜಾತಿರೀ? ಹೋದ ವರ್ಷ ಒಬ್ಬಾಂವ ಗಿರಾಕಿ ಕಾಲಿಗೆ ಬಿದ್ದಾಂತ ಒಂದ ಒಂದು ಪಾನಾ ಎತ್ತಿದೆ. ವರ್ಷಪೂರ್ತಿ ಆ ಪಾನಾ ಯಾವ ನಟ್ಟಿಗೂ ಕುಂದರಲಿಲ್ಲ ನೋಡ್ರಿ.” ಬುಡನಸಾಬರು ಒಂದು ಮುಟಿಗೆ ಚುರಮರಿ ಕೌಸ್ತುಭನ ಕೈಗೆ ಹಾಕಿದರು. “ರಾಣೆಬೆನ್ನೂರಾಗ ಇವತ್ತ ಯಾವ ರಿಪೇರಿ ಅಂಗಡೀನೂ ತಗಿಯಾಂಗಿಲ್ಲ. ಬ್ಯಾಡಗ್ಯಾಗ ನಮ್ಮ ದೋಸ್ತ ಮೈಲೇಶ ಅದಾನ, ಕಂಪ್ಯೂಟರ್ ರಿಪೇರಿ. ಹೋಗ್ರಿ, ನನ್ನ ಹೆಸರು ಹೇಳ್ರಿ.”

ಬ್ಯಾಡಗಿ! ಕೌಸ್ತುಭನಿಗೆ ದಾರಿ ಕಂಡಿತು. ಮೈಲೇಶನಿಂದ ಆದರೆ ಆಯಿತು. ಆಗದಿದ್ದರೆ ಮಾವನ ಮನೆಗೆ ಹೋಗಿ, ನಮಸ್ಕಾರ ಮಾಡುವ ನೆವದಲ್ಲಿ ಅವರ ಫೋನನ್ನು ಎರಡು ನಿಮಿಷ ಇಸಿದುಕೊಂಡರೂ ಕೆಲಸ ಆಯಿತು. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಸ್ಕೂಟರಿನ ಚಕ್ರದ ಕೆಳಗೆ ತಾಯಿ ಲಿಂಬೆಹಣ್ಣು ಇಟ್ಟು ಅದಕ್ಕೂ ಸೂಟಿ ಕೊಟ್ಟಿದ್ದರು. ಕೌಸ್ತುಭ ಹೂವು, ಖಣ, ಕುಂಕುಮ ಸಮೇತ ಹಗೇವನ್ನು ಎತ್ತಿಕೊಂಡು ಬಸ್ ಸ್ಟ್ಯಾಂಡಿಗೆ ನಡೆದ. “ನಾ ಹೇಳೂದರೆ ಕೇಳೋ, ಹಿಂದಿಂದು...” ಎಂದು ಪದ್ಮಾಬಾಯಿ ಬಾಗಿಲಲ್ಲಿ ನಿಂತು ಕೂಗಿದ್ದು ಅವನ ಕಿವಿಗೆ ಬೀಳಲಿಲ್ಲ, ಬಿದ್ದರೂ ಒಳಗೆ ಹೋಗಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ತೊಡೆಯ ಮೇಲೆ ಹಗೇವನ್ನು ಇಟ್ಟುಕೊಂಡ. ಪಕ್ಕದಲ್ಲಿ ಮೋಟೆಬೆನ್ನೂರಿಗೆ ಹೊರಟ ದೇವವ್ವ ಎಂಬ ಮುದುಕಿ. ಅವಳು ಬಹಳ ಹೊತ್ತು ನೋಡಿದಳು.

“ಯಾವ ದೇವರಪ್ಪಾ ಇದು?”

“ದೇವರಲ್ಲಬೇ. ಕಂಪ್ಯೂಟರ್.”

“ಯಾವ್ದರ ಇರವಲ್ಲದ್ಯಾಕ” ಎಂದು ದೇವವ್ವ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ಕಂಡಕ್ಟರ್ ಬಂದ. “ಇದಕ್ಕ ಲಗೇಜ್ ಟಿಕೀಟ್ ಆಕ್ಕೈತ್ರಿ.”

ಕೌಸ್ತುಭ ಕಿಸೆಗೆ ಕೈ ಹಾಕುವಷ್ಟರಲ್ಲಿ ದೇವವ್ವ ಗುಡುಗಿದಳು. “ನವಮಿ ದಿನ ದೇವರಿಗೆ ಟಿಕೀಟ್ ಕೇಳ್ತೀಯಲ್ಲೋ, ನಿನ್ನ ಕೈಯಾಗಿನ ಮಷೀನಿಗೆ ಪೂಜಿ ಮಾಡೀಯೋ ಇಲ್ಲೋ?” ಕಂಡಕ್ಟರ್ ತನ್ನ ಟಿಕೆಟ್ ಮಷೀನನ್ನು ನೋಡಿಕೊಂಡ. ಅದಕ್ಕೂ ಒಂದು ಬೊಟ್ಟು ಕುಂಕುಮ ಇತ್ತು. ಅವನು ಹಗೇವಿಗೆ ಕೈ ಮುಗಿದು ಮುಂದೆ ಹೋದ.

ಅಲ್ಲಿಗೆ ಬಸ್ಸಿನವರಿಗೆಲ್ಲ ಖಾತ್ರಿಯಾಯಿತು. ಹಿಂದಿನ ಸೀಟಿನಿಂದ ಎರಡು ಬಾಳೆಹಣ್ಣು ಬಂದವು. ಯಾರೋ ಊದಿನಕಡ್ಡಿ ಹಚ್ಚಿ ಬೆಳಗಿದರು. ಕೌಸ್ತುಭ ಬೇಡ ಬೇಡ ಎನ್ನುತ್ತಿರುವಾಗಲೇ ದೇವವ್ವ ಸೆರಗಿನ ಗಂಟಿನಿಂದ ಒಂದು ಸಣ್ಣ ಬಾಟಲಿ ತೆಗೆದಳು. “ಗಳಗನಾಥದ ಸಂಗಮದ ನೀರೈತಿ. ಬಿಡಬ್ಯಾಡ” ಎಂದು ಹಗೇವಿನ ನೆತ್ತಿಯ ಮೇಲೆ ಹನಿಸಿಯೇಬಿಟ್ಟಳು.

“ಅಯ್ಯೋ, ಯವ್ವಾ! ನೀರು ಬ್ಯಾಡಾ!” ಎಂದು ಕೌಸ್ತುಭ ಕಿರುಚಿದ್ದಕ್ಕೆ ಡ್ರೈವರು ಬ್ರೇಕ್ ಹಾಕಿದ. ಅದೇ ಹೊತ್ತಿಗೆ ಕೌಸ್ತುಭನ ಫೋನು ಹೊಡೆದುಕೊಂಡಿತು. ‘ಅವ್ವ’ ಎಂದು ಬಂತು. ಕೌಸ್ತುಭ ಸಿಟ್ಟಿನಿಂದ ಕಟ್ ಮಾಡಿದ. ಮತ್ತೆ ಬಂತು, ಮತ್ತೆ ಕಟ್ ಮಾಡಿದ. ಬ್ಯಾಡಗಿ ಮುಟ್ಟುವಷ್ಟರಲ್ಲಿ ಏಳು ಸಲ ಕಟ್ ಮಾಡಿದ್ದ.

ಮೈಲೇಶನ ಅಂಗಡಿಯ ಅರ್ಧ ಶಟರ್ ತೆಗೆದಿತ್ತು. ಬುಡನಸಾಬರ ಹೆಸರು ಹೇಳಿದೊಡನೆ ಅವನು ಕೌಸ್ತುಭನನ್ನು ಒಳಗೆ ಕರೆದು ಸ್ಟೂಲು ಹಾಕಿದ. ಅವನ ಸ್ಕ್ರೂಡ್ರೈವರುಗಳೂ ಒಂದು ಮಣೆಯ ಮೇಲೆ ಮಲಗಿದ್ದವು.

“ಕಣ್ಣಿಲೆ ನೋಡ್ತೇನ್ರಿ, ಕೈ ಹಚ್ಚಾಂಗಿಲ್ಲ” ಎಂದು ಮೈಲೇಶ ಎರಡೂ ಕೈ ಹಿಂದೆ ಕಟ್ಟಿಕೊಂಡು ಹಗೇವಿನ ಸುತ್ತ ಒಂದು ಪ್ರದಕ್ಷಿಣೆ ಬಂದ. ಬಗ್ಗಿ ಮೂಸಿ ನೋಡಿದ. “ಎಸ್.ಎಂ.ಪಿ.ಎಸ್. ಹೋಗೈತಿ. ಕರೆಂಟ್ ಹಂಚೂ ಡಬ್ಬಿ. ವಾಸನಿ ಬರಾಕತ್ತೈತಿ ನೋಡ್ರಿ.”

“ಅದು ಊದಿನಕಡ್ಡಿ ವಾಸನಿ ಇರಬಹುದಲ್ರಿ? ಈ ಖಣ ಬಿಚ್ಚಿ ಹಿಂದ ಒಂದು ಸಲ ನೋಡ್ರೆಲ್ಲ.”

“ಹಿರಿಯಾರು ಉಡಿಸಿದ್ದನ್ನ ನಾ ಬಿಚ್ಚಾಂಗಿಲ್ರಿ ಸರ್. ನಾಳೆ ಬರ್ರಿ. ಬನ್ನಿ ಕೊಟ್ಟು ಅಂಗಡಿ ತಗದ ಮ್ಯಾಲೆ ಮೊದಲನೇ ಕೆಲಸ ನಿಮ್ದ. ಡಿಸ್ಕ್ ಹೊರಗ ತಗದು ಬ್ಯಾರೆ ಕಂಪ್ಯೂಟರಿಗೆ ಹಚ್ಚಿ, ನಿಮ್ಮ ಪುಸ್ತಕ ಪೆನ್ ಡ್ರೈವಿನ್ಯಾಗ ಹಾಕಿ ಕೊಡ್ತೇನಿ. ಐದ ನಿಮಿಷದ ಕೆಲಸ. ಅಲ್ಲೀಮಟ ಇದನ್ನ ಹಿಂಗ ಬಿಡ್ರಿ, ಒಳಗಿಂದು ಒಳಗ ಇರತೈತಿ.”

ಆ ದಿನ ಮೂರು ಊರಿನಲ್ಲಿ ಯಾರಾದರೂ ಕೌಸ್ತುಭನಿಗೆ ಹೇಳಿದ ಶಾಣ್ಯಾ ಮಾತು ಇದೊಂದೇ. “ನಾಳೆತನಕ ಆಗಾಂಗಿಲ್ರಿ” ಎಂದು ಕೌಸ್ತುಭ ಹಗೇವನ್ನು ಎತ್ತಿಕೊಂಡು ಮಾವನ ಮನೆಯ ಹಾದಿ ಹಿಡಿದ.

ಅಣ್ಣಾಜಿ ಕಟ್ಟೆಯ ಮೇಲೆಯೇ ಕೂತಿದ್ದರು. ಹೂವು ಮುಡಿದ ಮಷೀನನ್ನು ಎದೆಗೆ ಅವಚಿಕೊಂಡು ಬಿಸಿಲಲ್ಲಿ ಬೆವರುತ್ತ ಬರುತ್ತಿದ್ದ ಅಳಿಯನನ್ನು ಕಂಡು ಎದ್ದು ನಿಂತರು.

“ಇದರಾಗ ಏನು ನನ್ನ ಪುಸ್ತಕ ಇರೂದು?”

“ಹೌದ್ರಿ ಮಾವಾ. ಪ್ರೆಸ್ಸಿಗೆ... ಖುದ್ದ ಒಯ್ಯೋಣಂತ...”

ಅಣ್ಣಾಜಿಯವರ ಕಣ್ಣು ತೇವಗೊಂಡವು. “ಇಂಟರ್‌ನೆಟ್ಟಿನ್ಯಾಗ ಕಳಿಸಿದ್ರೂ ನಡೀತಿತ್ತು. ನನ್ನ ಪುಸ್ತಕಕ್ಕ ಪೂಜಿ ಮಾಡಿ, ಹೊತಗೊಂಡು ಬಂದ್ರಿ. ನನ್ನ ಹೊಟ್ಟ್ಯಾಗ ಹುಟ್ಟಿದವ್ರೂ ಇಷ್ಟು ಮಾಡಂಗಿಲ್ರಿ” ಎಂದು ಅಳಿಯನ ಭುಜ ಹಿಡಿದುಕೊಂಡರು. ಕೌಸ್ತುಭನಿಗೆ ನೆಲ ಬಾಯಿ ತೆರೆದು ತನ್ನನ್ನು ನುಂಗಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಒಳಗೆ ಕರೆದು ನೀರು, ಬೆಲ್ಲ ಕೊಟ್ಟರು. ತಮ್ಮ ಪೂಜೆ ತೋರಿಸಿದರು. ಮಣೆಯ ಮೇಲೆ ಪೆನ್ನು, ಕನ್ನಡಕದ ಡಬ್ಬಿ, ಹಳೇ ಬೆತ್ತ, ಅದರ ಮೇಲೊಂದು ಮೆಣಸಿನಕಾಯಿಯ ಹಾರ. ಫೋನು ಮಾತ್ರ ಕುಂಕುಮ ಹಚ್ಚಿಕೊಂಡು ಅವರ ಕಿಸೆಯಲ್ಲೇ ಇತ್ತು. ನಾಡಿನ ಎಲ್ಲ ಹತಾರಕ್ಕೂ ಸೂಟಿ ಸಿಕ್ಕ ದಿನವೂ ಫೋನಿಗೆ ಮಾತ್ರ ಯಾರೂ ಸೂಟಿ ಕೊಡುವುದಿಲ್ಲ.

“ಮಾವಾ, ನಿಮ್ಮ ಫೋನ್ ಸ್ವಲ್ಪ ಕೊಡ್ರಿ. ಸೆಟ್ಟಿಂಗ್ ಒಂದು ನೋಡ್ತೇನಿ” ಎಂದ ಕೌಸ್ತುಭ.

ಅವರು ಕೊಟ್ಟರು. ಕೌಸ್ತುಭ ತೆರೆದು ನೋಡಿದ. ಇನ್ನೊಮ್ಮೆ ನೋಡಿದ. ಪುಸ್ತಕ ಇರಲಿಲ್ಲ.

“ಮಾವಾ, ಇದರಾಗಿನ ಪುಸ್ತಕ...”

“ತಗದು ಹಾಕೀನಿ!” ಎಂದರು ಅಣ್ಣಾಜಿ ಹೆಮ್ಮೆಯಿಂದ. “ಪೂಜಿಗೆ ಇಡೂಕಿಂತ ಮೊದಲ ಹತಾರ ಒಳಗ, ಹೊರಗ ಸ್ವಚ್ಛ ಮಾಡ್ಬೇಕಲ್ರಿ. ಮುಂಜಾನೆ ಎಂಟಕ್ಕ ಕೂತು ಹಳೇ ಫೋಟೋ, ಮೆಸೇಜು, ಪುಸ್ತಕ ಎಲ್ಲಾ ತಗದು ಒಗದೆ, ಕಸದಬುಟ್ಟೀನೂ ಖಾಲಿ ಮಾಡಿದೆ. ಫೋನ್ ಹಗುರಾಗಿ ಹಾರಾಡ್ಲಿಕತ್ತದ ನೋಡ್ರಿ ಈಗ. ನಿಮ್ಮ ಹಗೇವಿನ್ಯಾಗ ಅದ ಅಂದ ಮ್ಯಾಲೆ ಇಲ್ಲಿ ಯಾಕ ಜಾಗಾ ತಿನ್ನಬೇಕು?”

ಕೌಸ್ತುಭನ ಬಾಯಿಯಲ್ಲಿದ್ದ ಬೆಲ್ಲ ಕಹಿಯಾಯಿತು. ಮೂರು ವರ್ಷದ ಬರಹ, ನಾಲ್ಕುನೂರಾ ಹನ್ನೆರಡು ಪುಟ, ಈಗ ಈ ಭೂಮಿಯ ಮೇಲೆ ಇರುವುದು ತನ್ನ ತೊಡೆಯ ಮೇಲಿನ ಈ ಸತ್ತ ಡಬ್ಬಿಯಲ್ಲಿ ಮಾತ್ರ. ಅದರ ಮೇಲೆ ಎರಡು ಸಲ ನೀರು ಬಿದ್ದಿದೆ. ಅವನಿಗೆ ನಿಜವಾಗಿಯೂ ಅಳು ಬಂತು.

“ನಡೀರಿ, ನಾನೂ ಬರ್ತೇನಿ ಪ್ರೆಸ್ಸಿಗೆ. ಇಂಥಾ ದಿನ ಮತ್ತ ಬರ್ತದೇನು?” ಎಂದು ಅಣ್ಣಾಜಿ ಕೋಟು ಹಾಕಿಕೊಂಡು, ಟೊಪ್ಪಿಗೆ ಇಟ್ಟುಕೊಂಡು ಸಿದ್ಧರಾಗಿಯೇಬಿಟ್ಟರು.

ಹಾವೇರಿಯ ಬಸ್ಸಿನಲ್ಲಿ ಅಣ್ಣಾಜಿ ಹತ್ತಿದವರಿಗೆ, ಇಳಿದವರಿಗೆಲ್ಲ ಅಳಿಯನನ್ನು ತೋರಿಸಿ ಹೊಗಳಿದರು. ಕೌಸ್ತುಭ ಕಣ್ಣು ಮುಚ್ಚಿ ತನಗೆ ಗೊತ್ತಿದ್ದ ದೇವರನ್ನೆಲ್ಲ ನೆನೆದ. ಪ್ರೆಸ್ಸಿನಲ್ಲಾದರೂ ಒಂದು ಸ್ಕ್ರೂಡ್ರೈವರ್ ಎಚ್ಚರವಿರಲಿ ಎಂದು ಬೇಡಿಕೊಂಡ.

ಇರಲಿಲ್ಲ. ಪ್ರೆಸ್ಸಿನ ಒಡತಿ ಮುಸರತ, ತಂದೆಯ ಕಾಲದ ಅಂಗಡಿಯನ್ನು ಒಬ್ಬಳೇ ನಡೆಸುವ ಹೆಣ್ಣುಮಗಳು, ಬಾಗಿಲಲ್ಲೇ ಸಿಕ್ಕಳು. ಅವಳ ಹಿಂದೆ ಛಾಪಖಾನೆಯ ಮಷೀನುಗಳು, ಕತ್ತರಿಸುವ ಯಂತ್ರ, ಎರಡು ಕಂಪ್ಯೂಟರು, ಎಲ್ಲವೂ ಹಾರ ಹಾಕಿಕೊಂಡು ನಿದ್ದೆ ಹೊಡೆಯುತ್ತಿದ್ದವು.

“ಬರ್ರಿ ಮಾಸ್ತರ್ರ, ಕುಂದ್ರಿ. ಇಷ್ಟು ಬಿಸಲಾಗ ಯಾಕ ಬಂದ್ರಿ? ನಾಳೆ ಹತ್ತು ಗಂಟೆಕ್ಕ ಕೊಟ್ರೂ ನಡೀತಿತ್ತು. ನಮ್ಮ ಕೆಲಸಗಾರ್ರು ಪೂಜಿ ಮಾಡ್ಯಾರ, ಇವತ್ತ ಯಾವ ಮಷೀನೂ ಹಚ್ಚಾಂಗಿಲ್ಲ. ಫೈಲ್ ನನ್ನ ಫೋನಿಗೆ ಕಳಸ್ರಿ, ಸಾಕು.”

“ಕಳಸ್ರಿ ಅಳಿಯಂದ್ರ” ಎಂದರು ಅಣ್ಣಾಜಿ.

ಕೌಸ್ತುಭ ಹಗೇವನ್ನು ಮೇಜಿನ ಮೇಲಿಟ್ಟ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದ. ಆಗ ಮುಸರತಳ ಮೇಜಿನ ಮೇಲಿನ ಫೋನು ಬಾರಿಸಿತು. ಎತ್ತಿಕೊಂಡವಳು, “ನಿಮ್ಮ ತಾಯಿಯಾರಂತ್ರಿ. ಎಲ್ಲೆಲ್ಲೋ ನಂಬರ್ ಹುಡುಕಿ ಮಾಡ್ಯಾರ” ಎಂದು ಅವನ ಕೈಗೆ ಕೊಟ್ಟಳು.

“ಏ ಕೌಸ್ತುಭಾ! ಕಟ್ ಮಾಡಿದ್ರ ನೋಡು!” ಪದ್ಮಾಬಾಯಿಯವರ ಧ್ವನಿ ಪ್ರೆಸ್ಸಿನ ಮೂಲೆಮೂಲೆಗೂ ಕೇಳಿತು. “ಮುಂಜಾನಿಂದ ಹೇಳ್ಲಿಕತ್ತೀನಿ. ಗುಡುಗು ಬಂದ್ರ ಆರಿಸು ಅಂತ ನೀನ ಕಲಿಸಿದ್ದೆಲ್ಲ, ಹಿಂದಿನ ಕರೀ ಗುಂಡಿ? ಅದನ್ನ ಒತ್ತಿ ಆರಿಸೀನಿ. ನಸುಕಿನ್ಯಾಗ ಐದೂವರಿಗೆ. ಅದಕ್ಕೇನೂ ಆಗಿಲ್ಲ. ಸೂಟಿ ಮ್ಯಾಲೆ ಅದ, ಅಷ್ಟ. ನಾಳೆತನಕ ಅದನ್ನ ಹಚ್ಚಬ್ಯಾಡ ಮತ್ತ!”

ಕೌಸ್ತುಭ ಖಣವನ್ನು ಸರಿಸಿ ಕೈ ಹಾಕಿದ. ಬೆರಳಿಗೆ ಗುಂಡಿ ಸಿಕ್ಕಿತು. ಹೌದು, ಆರಿತ್ತು! ಅವನಿಗೆ ನಗು ಬಂತು, ಜೊತೆಗೆ ತನ್ನ ಮೇಲೆ ತನಗೇ ನಾಚಿಕೆಯೂ ಬಂತು. ಮುಸರತಳ ಇಂಟರ್‌ನೆಟ್ಟಿನ ಡಬ್ಬಿಯಿಂದ ನೇತಾಡುತ್ತಿದ್ದ ವಾಯರನ್ನು ತೋರಿಸಿ, “ಇದನ್ನ ಮುಟ್ಟಬಹುದೇನ್ರಿ?” ಎಂದು ಕೇಳಿದ.

“ವಾಯರ್ ಹತಾರ ಅಲ್ಲ ಬಿಡ್ರಿ” ಎಂದಳು ಮುಸರತ.

ಕೌಸ್ತುಭ ಕರೆಂಟಿನ ವಾಯರ್ ಚುಚ್ಚಿದ, ಇಂಟರ್‌ನೆಟ್ಟಿನ ವಾಯರ್ ಚುಚ್ಚಿದ, ಹಿಂದಿನ ಗುಂಡಿ ಒತ್ತಿದ, ಮುಂದಿನ ಗುಂಡಿ ಒತ್ತಿದ. ಗುಂಯ್! ಹಗೇವು ಎದ್ದಿತು. ಗಾಳಿಪಂಖದಿಂದ ಎರಡು ಚೆಂಡು ಹೂವಿನ ಎಸಳು ಹೊರಗೆ ಹಾರಿದವು. ಹಸಿರು ದೀಪ ಹತ್ತಿತು, ಆಮೇಲೆ ಪಟಪಟ ಮಿಣುಕತೊಡಗಿತು. ಅಣ್ಣಾಜಿ ಎದ್ದು ಕೈ ಮುಗಿದರು.

ಟಿಂಗ್ ಎಂದಿತು ಅವರ ಕಿಸೆ.

“ಏನೋ ಬಂತು ನೋಡ್ರಿ” ಎಂದು ಫೋನ್ ತೆಗೆದು ಕನ್ನಡಕ ಏರಿಸಿಕೊಂಡು ಓದಿದರು. “ಎರಡೂ ಕಡೆ ಸರಿಸಮ ಆತು ಅಂತ ಬಂದದ. ಭಾಳ ಶಾಣ್ಯಾ ಅದ ನಿಮ್ಮ ಹಗೇವು!”

ಕೌಸ್ತುಭನ ಮುಖದ ನಗು ಹಾಗೆಯೇ ನಿಂತುಹೋಯಿತು. ಅವನು ತನ್ನ ಫೋನಿನಲ್ಲಿ ಹಗೇವನ್ನು ತೆರೆದ. ಅಣ್ಣಾಜಿಯವರ ಹೆಸರಿನ ಕೋಣೆಗೆ ಹೋದ. ಅಲ್ಲಿ ಒಂದೇ ಒಂದು ಫೋಟೋ ಇತ್ತು. ಇವತ್ತು ಬೆಳಿಗ್ಗೆ ತೆಗೆದದ್ದು. ಪೆನ್ನು, ಕನ್ನಡಕದ ಡಬ್ಬಿ, ಬೆತ್ತ, ಮೆಣಸಿನಕಾಯಿಯ ಹಾರ.

ಕನ್ನಡಿ ತನ್ನ ಕೆಲಸ ಮಾಡಿತ್ತು. ಬೆಳಿಗ್ಗೆ ಎಂಟಕ್ಕೆ ಅಣ್ಣಾಜಿ ಫೋನಿನಿಂದ ಪುಸ್ತಕ ತೆಗೆದು ಒಗೆದಾಗ ಹಗೇವು ಸೂಟಿಯ ಮೇಲೆ ಮಲಗಿತ್ತು. ಅದಕ್ಕೆ ಸುದ್ದಿ ಮುಟ್ಟಿರಲಿಲ್ಲ. ಇಡೀ ದಿನ, ಬಸ್ಸಿನಲ್ಲಿ, ಬಿಸಿಲಿನಲ್ಲಿ, ಗಳಗನಾಥದ ನೀರಿನಲ್ಲಿ, ನಾಲ್ಕುನೂರಾ ಹನ್ನೆರಡು ಪುಟವೂ ಅದರ ಹೊಟ್ಟೆಯಲ್ಲಿ ಸುರಕ್ಷಿತವಾಗಿ ಇದ್ದವು. ಈಗ ಕೌಸ್ತುಭ ಎಬ್ಬಿಸಿ, ಇಂಟರ್‌ನೆಟ್ಟು ಹಚ್ಚಿದೊಡನೆ ಅದು ಮಾವನ ಫೋನನ್ನು ಹುಡುಕಿಕೊಂಡು, ‘ಅಲ್ಲಿ ಇಲ್ಲದ್ದು ಇಲ್ಲೂ ಇರಬಾರದು’ ಎಂಬ ಅವನದೇ ನಿಯಮದ ಪ್ರಕಾರ, ಎಲ್ಲವನ್ನೂ ಗುಡಿಸಿ ಹಾಕಿತ್ತು. ಅಳಿಸಿದ್ದನ್ನು ಒಂದು ತಿಂಗಳು ಬಚ್ಚಿಡುವ ಕಸದಬುಟ್ಟಿಯೊಂದು ಹಗೇವಿನಲ್ಲಿ ಇತ್ತು. ಜಾಗ ಸಾಲದೆಂದು ಕೌಸ್ತುಭನೇ ಅದನ್ನು ಹೋದ ತಿಂಗಳು ತೆಗೆದುಹಾಕಿದ್ದ.

ಅವನು ಎಲ್ಲವನ್ನೂ ಹೇಳಿದ. ಪೆನ್ ಡ್ರೈವಿನದನ್ನೂ ಹೇಳಿದ. ಮುಚ್ಚಿಡಲು ಇನ್ನೇನೂ ಉಳಿದಿರಲಿಲ್ಲ.

ಅಣ್ಣಾಜಿ ಟೊಪ್ಪಿಗೆ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಬೈದಿದ್ದರೆ ಕೌಸ್ತುಭನಿಗೆ ಎಷ್ಟೋ ಹಗುರಾಗುತ್ತಿತ್ತು. ಮುಸರತ ಚಹಾ ತರಿಸಿದಳು. ಅದು ಮುಟ್ಟದೆ ಆರಿತು. “ಮುಖಪುಟ ಹೆಂಗೂ ನನ್ನ ಕಡೆ ಐತಿ ಮಾಸ್ತರ್ರ. ನಾಳೆ ಅದನ್ನ ಮೊದಲ ಹೊಡೀತೇನಿ. ಮುಹೂರ್ತ ತಪ್ಪಾಂಗಿಲ್ಲ” ಎಂದು ಮೆಲ್ಲಗೆ ಹೇಳಿದಳು.

“ನೋಟ್‌ಬುಕ್ ಅದಾವ” ಎಂದರು ಅಣ್ಣಾಜಿ ಕೊನೆಗೆ. “ಮೊದಲ ಕೈಲೆ ಬರದಿದ್ದೆ. ಹನ್ನೊಂದು. ಅಟ್ಟದ ಮ್ಯಾಲೆ ಟ್ರಂಕಿನ್ಯಾಗ.”

ಮರುದಿನ ದಶಮಿಯ ಬೆಳಿಗ್ಗೆ ಪದ್ಮಾಬಾಯಿ ಹಗೇವಿನ ಮೇಲೂ ಎರಡು ಬನ್ನಿ ಎಲೆ ಇಟ್ಟು, “ಬಂಗಾರದಂಗ ಇರಪಾ” ಎಂದು ಹರಸಿದರು. ಸಂಜೆ ನಾಲ್ಕು ಗಂಟೆಗೆ ಮನೆಯ ಮುಂದೆ ಆಟೋ ನಿಂತಿತು. ಅಣ್ಣಾಜಿ ಇಳಿದರು. ಅವರ ಹಿಂದೆ ಒಂದು ಟ್ರಂಕು ಇಳಿಯಿತು, ಟ್ರಂಕಿನ ಹಿಂದೆ ಹಾಸಿಗೆಯ ಸುರುಳಿ, ಹಾಸಿಗೆಯ ಹಿಂದೆ ತಂಬಿಗೆ.

“ಟೈಪು ಮುಗಿಯೂತನಕ ಇಲ್ಲೇ ಇರ್ತೀನಿ. ನನ್ನ ಅಕ್ಷರ ನಿಮಗ ತಿಳಿಯಂಗಿಲ್ಲ, ಪಕ್ಕದಾಗ ಕೂತು ಹೇಳ್ತೀನಿ” ಎಂದರು ಅಳಿಯನಿಗೆ.

“ಎಷ್ಟ ದಿನ ಆಗಬಹುದಪ್ಪಾ?” ಎಂದು ಮೃಣಾಲಿನಿ ಕೇಳಿದಳು.

“ನನಗ ಮೂರು ವರ್ಷ ಹಿಡಿದಿತ್ತು” ಎಂದರು ಅಣ್ಣಾಜಿ.

ಗೇಟಿನ ಹತ್ತಿರ ನಿಂತಿದ್ದ ಬುಡನಸಾಬರು, “ನಾ ಹೇಳಿದ್ನಿಲ್ಲೋ ಸರ್ರ, ಮಲಗಿದ ಹತಾರ ಎಬ್ಬಿಸಬಾರದು ಅಂತ” ಎಂದು ಬನ್ನಿ ಕೊಟ್ಟು ಹೋದರು. ಒಳಗೆ ಕೌಸ್ತುಭ ಟ್ರಂಕು ತೆರೆದ. ಮೇಲುಗಡೆಯೇ ಮುಸರತ ಹೊಡೆದುಕೊಟ್ಟ ಮುಖಪುಟ ಇತ್ತು, ಇನ್ನೂ ಶಾಯಿಯ ವಾಸನೆ. ಅದರ ಕೆಳಗೆ ಬಿಡಿ ಹಾಳೆಯೊಂದು. ಅಣ್ಣಾಜಿ ಹೋದ ವಾರ ಪ್ರೆಸ್ಸಿಗೆಂದು ಬರೆದಿಟ್ಟ ಮೊದಲನೇ ಪುಟ. ಕೌಸ್ತುಭ ಓದಿದ.

‘ನನ್ನ ಮೂರು ವರ್ಷದ ಬರಹವನ್ನು ಒಂದಕ್ಷರವೂ ಕಳೆಯದಂತೆ ಕಾಯ್ದ ಅಳಿಯ ಚಿ. ಕೌಸ್ತುಭನಿಗೂ ಅವನ ಹಗೇವಿಗೂ ಈ ಪುಸ್ತಕ ಅರ್ಪಣೆ.’

ಅವನ ಕಿವಿ ಬಿಸಿಯಾದವು. “ಮಾವಾ, ಇದೊಂದು ಪುಟ ತಗದು ಬಿಡೋಣ್ರಿ.”

“ತಗಿಯೂದು ಸಾಕಾಗೇದ ಅಳಿಯಂದ್ರ” ಎಂದು ಅಣ್ಣಾಜಿ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡು ಕೂತರು. “ಬರದದ್ದು ಇರ್ಲಿ. ಹೊಡೀರಿ.”

ಕೌಸ್ತುಭ ಕಾಲೇಜಿನ ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೆ ಬೆರಳಿಟ್ಟು, ಒಂದೊಂದೇ ಕನ್ನಡ ಅಕ್ಷರ ಹುಡುಕುತ್ತ, ತನ್ನ ಹೆಸರನ್ನು ಹೊಡೆಯತೊಡಗಿದ.